ಹಳದಿ ಚೀಟಿಯ ಬೆಲೆ, ಬಿಲ್ಲಿನ ಬೆಲೆ: ಗ್ರಾಹಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು. ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಮದುವೆಯ ಜವಳಿಗೋ ಮೈಸೂರಿಗೆ ಇಳಿದವರು, ಊರಿಗೆ ಹೊರಡುವ ಮುನ್ನ ಅಲ್ಲಿನ ಯಾವುದಾದರೂ ದೊಡ್ಡ ರಿಯಾಯಿತಿ ಮಳಿಗೆಗೆ ಹೋಗಿ ತಿಂಗಳ ಸಾಮಾನು ಹೇರಿಕೊಂಡು ಬರುವುದು ನಮ್ಮಲ್ಲಿ ಈಗ ರೂಢಿಯಾಗಿದೆ. ಸಾಮಾನಿನ ಜೊತೆಗೆ ಬೇಸರವೂ ಬಂದಿರುವುದನ್ನು ಈ ಪತ್ರಗಳು ತೋರಿಸುತ್ತವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರನ್ನಾಗಲಿ ಮಳಿಗೆಗಳ ಹೆಸರನ್ನಾಗಲಿ ಪ್ರಕಟಿಸಿಲ್ಲ.

ಪ್ರಶ್ನೆ: ಕಳೆದ ತಿಂಗಳು ಕಣ್ಣಿನ ತಪಾಸಣೆಗೆಂದು ಪತ್ನಿಯೊಂದಿಗೆ ಮೈಸೂರಿಗೆ ಹೋಗಿದ್ದಾಗ ದೊಡ್ಡ ಮಳಿಗೆಯೊಂದರಲ್ಲಿ ಸುಮಾರು ನಾಲ್ಕು ಸಾವಿರ ರೂಪಾಯಿಯ ಸಾಮಾನು ಕೊಂಡೆವು. ಗೋಧಿ ಹಿಟ್ಟಿನ ರ‍್ಯಾಕಿನ ಮುಂದೆ 10 ಕೆ.ಜಿ. ಚೀಲಕ್ಕೆ 389 ರೂಪಾಯಿ ಎಂದು ಹಳದಿ ಚೀಟಿ ಅಂಟಿಸಿದ್ದರು. ಊರಿನ ದಾರಿಯಲ್ಲಿ ತಿತಿಮತಿ ದಾಟಿದ ಮೇಲೆ ಬಿಲ್ಲು ತೆಗೆದು ನೋಡಿದರೆ 436 ರೂಪಾಯಿ ಹಾಕಿದ್ದಾರೆ. ಮನೆಗೆ ಬಂದು ಫೋನ್ ಮಾಡಿದಾಗ, ರಿಯಾಯಿತಿ ಹಿಂದಿನ ದಿನವೇ ಮುಗಿದಿತ್ತು, ಚೀಟಿ ತೆಗೆಯಲು ಹುಡುಗರು ಮರೆತಿರಬೇಕು, ಹೇಗಿದ್ದರೂ ಎಂಆರ್‌ಪಿಗಿಂತ ಕಡಿಮೆಯೇ ತೆಗೆದುಕೊಂಡಿದ್ದೇವಲ್ಲ ಎಂದು ಉತ್ತರ ಬಂತು. 47 ರೂಪಾಯಿಗಾಗಿ ನೂರು ಕಿಲೋಮೀಟರ್ ಹಿಂದಿರುಗಲು ಸಾಧ್ಯವೇ? ಇದನ್ನು ಹೀಗೇ ಬಿಟ್ಟುಬಿಡಬೇಕೇ?
ನಿವೃತ್ತ ಶಿಕ್ಷಕರು, ವಿರಾಜಪೇಟೆ

ಉತ್ತರ: ಬಿಡಬೇಕಾಗಿಲ್ಲ. ರ‍್ಯಾಕಿನ ಮುಂದೆ ಬರೆದಿಟ್ಟ ಬೆಲೆ ಎಂದರೆ ಅಂಗಡಿ ಗ್ರಾಹಕರಿಗೆ ಕೊಟ್ಟ ಮಾತು. ಆ ಮಾತನ್ನು ನಂಬಿಯೇ ನೀವು ಹತ್ತು ಕಿಲೋ ಚೀಲವನ್ನು ಟ್ರಾಲಿಗೆ ಎತ್ತಿ ಹಾಕಿದಿರಿ. ಚೀಟಿಯಲ್ಲಿ 436 ಎಂದಿದ್ದರೆ ಬಹುಶಃ ನೀವು ಬೇರೆ ಚೀಲವನ್ನೇ ಆರಿಸಿಕೊಳ್ಳುತ್ತಿದ್ದಿರಿ.

ಈ ತಪ್ಪು ಹೇಗಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮೂರಿನ ದಿನಸಿ ಅಂಗಡಿಯಲ್ಲಿ ಬೆಲೆ ಹೇಳುವವರೂ ಚೀಟಿ ಬರೆಯುವವರೂ ಒಬ್ಬರೇ. ದೊಡ್ಡ ಮಳಿಗೆಯಲ್ಲಿ ಬಿಲ್ಲಿಗೆ ಬೀಳುವ ಬೆಲೆ ಕಂಪ್ಯೂಟರಿನಲ್ಲಿ ಬಾರ್‌ಕೋಡ್‌ನೊಂದಿಗೆ ಸೇರಿಕೊಂಡಿರುತ್ತದೆ. ರ‍್ಯಾಕಿನ ಚೀಟಿಯನ್ನಾದರೋ ಕೆಲಸದ ಹುಡುಗರು ಒಂದೊಂದಾಗಿ ಕೈಯಿಂದ ಬದಲಾಯಿಸಬೇಕು. ಸಾವಿರಾರು ವಸ್ತುಗಳು, ಬೆರಳೆಣಿಕೆಯ ಹುಡುಗರು. ಕಂಪ್ಯೂಟರಿನಲ್ಲಿ ಬೆಲೆ ಬದಲಾದ ಹೊತ್ತಿಗೆ ಚೀಟಿ ಬದಲಾಗಿರುವುದಿಲ್ಲ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಅವರ ಸಂಖ್ಯೆಯನ್ನು ಕಡಿಮೆ ಮಾಡಿ ಉಳಿಸಿದ ಖರ್ಚಿನ ನಷ್ಟವನ್ನು ಗ್ರಾಹಕರು ತುಂಬಿಕೊಡಬೇಕೆಂಬುದು ಯಾವ ನ್ಯಾಯವೂ ಅಲ್ಲ. ಚೀಟಿ ತೆಗೆಯುವುದು ಅಂಗಡಿಯ ಕೆಲಸ, ನಿಮ್ಮದಲ್ಲ.

ಎಂಆರ್‌ಪಿಗಿಂತ ಕಡಿಮೆಯೇ ಆಯಿತಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ, ಅದನ್ನು ಮೀರಿ ಮಾರುವುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಪ್ಪು. ಅದಕ್ಕಿಂತ ಕೆಳಗೆ ಅಂಗಡಿಯವರು ಎಷ್ಟು ಬೇಕಾದರೂ ಇಳಿಸಬಹುದು. ಆದರೆ ಇಳಿಸಿದ್ದೇವೆಂದು ತೋರಿಸಿ ಗ್ರಾಹಕರನ್ನು ಸೆಳೆದ ಮೇಲೆ ಬೇರೆ ಬೆಲೆ ವಸೂಲು ಮಾಡುವುದು ಇನ್ನೊಂದೇ ವಿಷಯ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯು ಬೆಲೆಯ ಬಗ್ಗೆ ಜನರನ್ನು ದಾರಿ ತಪ್ಪಿಸುವುದನ್ನೂ, ಕೊಡುವ ಉದ್ದೇಶವಿಲ್ಲದ ರಿಯಾಯಿತಿಯನ್ನು ಪ್ರಕಟಿಸುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಒಂದು ಸಲದ ಮರೆವನ್ನು ಗ್ರಾಹಕರ ದೂರು ಕೇಳುವ ಆಯೋಗ ಹೇಗೆ ನೋಡುತ್ತದೆ ಎಂಬುದು ಪ್ರಕರಣಕ್ಕೆ ತಕ್ಕಂತೆ ಬದಲಾಗಬಹುದು. ಅದೇ ಮಳಿಗೆಯಲ್ಲಿ ಅದು ಮತ್ತೆ ಮತ್ತೆ ನಡೆಯುತ್ತಿದ್ದರೆ ಮರೆವೆಂಬ ಸಮಜಾಯಿಷಿಗೆ ಬಲವಿರುವುದಿಲ್ಲ.

ನಿಮ್ಮ ಪತ್ರ ಬಂದ ಮೇಲೆ ನಾನೇ ಮೈಸೂರಿನ ಒಂದು ಮಳಿಗೆಯಲ್ಲಿ ಇಂತಹ ಚೀಟಿಗಳ ಮುಂದೆ ಕನ್ನಡಕ ಏರಿಸಿಕೊಂಡು ಅರ್ಧ ಗಂಟೆ ನಿಂತೆ. ಬೆಲೆಯ ಅಂಕಿ ಅಂಗೈ ಅಗಲ. ಅದರ ಕೆಳಗಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ವಸ್ತುವಿನ ಪೂರ್ತಿ ಹೆಸರು, ತೂಕ ಮತ್ತು ರಿಯಾಯಿತಿ ಮುಗಿಯುವ ದಿನಾಂಕ. ತೊಗರಿ ಬೇಳೆಯ ಒಂದು ಚೀಟಿ ಅರ್ಧ ಕಿಲೋ ಪ್ಯಾಕೆಟ್ಟಿನದು, ಅದರ ನೇರ ಹಿಂದೆ ಜೋಡಿಸಿದ್ದು ಒಂದು ಕಿಲೋ ಪ್ಯಾಕೆಟ್ಟುಗಳು. ಅವಸರದಲ್ಲಿರುವವರು, ಅದರಲ್ಲಿಯೂ ಕಣ್ಣಿಗೆ ಔಷಧ ಹಾಕಿಸಿಕೊಂಡು ಬಂದವರು, ಇದನ್ನು ಓದುವುದಾದರೂ ಹೇಗೆ? ಆದ್ದರಿಂದ ಬೆಲೆ ನೋಡಿ ಆರಿಸಿದ ವಸ್ತುವಿನ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಬಿಲ್ಲು ಹಾಕುವಾಗ ಒಬ್ಬರು ಸಾಮಾನು ಎತ್ತಿಡಲಿ, ಇನ್ನೊಬ್ಬರು ಪರದೆಯ ಮೇಲೆ ಕಣ್ಣಿಡಲಿ. ಬಾಗಿಲಿನ ಕಾವಲುಗಾರರು ಬಿಲ್ಲಿಗೆ ತೂತು ಹಾಕುವ ಮೊದಲೇ ಪಕ್ಕಕ್ಕೆ ನಿಂತು ಒಮ್ಮೆ ಓದಿ. ನಮಗಂತೂ ಇದು ಮುಖ್ಯ, ಏಕೆಂದರೆ ಮೈಸೂರಿನವರು ಮರುದಿನ ಹೋಗಿ ಕೇಳಬಹುದು, ನಾವು ಕಾಡು ದಾಟಿ ಹೋಗಬೇಕು. ಬಿಲ್ಲನ್ನೂ ಅಂದೇ ಚಿತ್ರ ತೆಗೆದಿಡಿ. ಶಾಖದಿಂದ ಅಕ್ಷರ ಮೂಡಿಸುವ ಆ ನುಣುಪು ಕಾಗದದ ಬರಹ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.

ಇನ್ನು ಪರಿಹಾರದ ಮಾತು. ಮೊದಲು ಮಳಿಗೆಗೆ ಇಮೇಲ್ ಮೂಲಕ ಲಿಖಿತವಾಗಿ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಕರೆಗೆ ಹಣವಿಲ್ಲ. ಅದೂ ಫಲಿಸದಿದ್ದರೆ ಗ್ರಾಹಕರ ಆಯೋಗ ಇದೆ. ನಿಮ್ಮಂತಹವರಿಗೆ ಅತ್ಯಂತ ಉಪಯುಕ್ತವಾದ ಬದಲಾವಣೆಯೊಂದನ್ನು ಇಲ್ಲಿ ಹೇಳಲೇಬೇಕು. 1986ರ ಹಳೆಯ ಕಾಯ್ದೆಯಲ್ಲಿ ಎದುರುದಾರರು ವ್ಯವಹಾರ ನಡೆಸುವಲ್ಲಿ ಅಥವಾ ವ್ಯಾಜ್ಯಕ್ಕೆ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ ಈಗಿನ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಎಂದರೆ ಮೈಸೂರಿನ ಮಳಿಗೆಯ ಮೇಲಿನ ದೂರನ್ನು ನೀವು ಮಡಿಕೇರಿಯಲ್ಲಿರುವ ಕೊಡಗು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳ ಅವಕಾಶವಿದೆ. 47 ರೂಪಾಯಿಗೆ ಅಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ತೀರ್ಮಾನ. ಸಹಾಯವಾಣಿಗೆ ಕರೆಯನ್ನಾದರೂ ಖಂಡಿತ ಮಾಡಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಮನೆಯಿಂದ ತೆಗೆದುಕೊಂಡು ಹೋದ ಬಟ್ಟೆ ಚೀಲವನ್ನು ಬಾಗಿಲಲ್ಲೇ ಇರಿಸಿಕೊಂಡು ಟೋಕನ್ ಕೊಟ್ಟರು. ಬಿಲ್ಲು ಮಾಡುವಾಗ ಕೇಳದೆಯೇ ಚೀಲಕ್ಕೆ 18 ರೂಪಾಯಿ ಸೇರಿಸಿದರು. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ಲೇ ಬರುವುದಿಲ್ಲ ಎಂದರು. ಕೊಟ್ಟ ಮೇಲೆ ದಿನಕ್ಕೆ ನಾಲ್ಕು ಸಂದೇಶಗಳು ಬರುತ್ತಿವೆ. ನಾನು ಸುಮ್ಮನೆ ಕೊಟ್ಟಿದ್ದು ತಪ್ಪಾಯಿತೇ?
ಗೃಹಿಣಿ, ನಾಪೋಕ್ಲು

ಉತ್ತರ: ಹಿಂದೆ ಸಾಲು ಬೆಳೆಯುತ್ತಿರುವಾಗ, ಗುರುತಿಲ್ಲದ ಊರಿನಲ್ಲಿ, ಕೌಂಟರಿನ ಹುಡುಗಿಯೊಂದಿಗೆ ವಾದಕ್ಕೆ ನಿಲ್ಲುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ತಪ್ಪು ನಿಮ್ಮದಲ್ಲ.

ಚೀಲದ ವಿಷಯದಲ್ಲಿ ರಾಷ್ಟ್ರೀಯ ಗ್ರಾಹಕರ ಆಯೋಗವೇ 2020ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹೊರಗಿನ ಚೀಲವನ್ನು ಒಳಗೆ ಬಿಡದೆ, ಚೀಲಕ್ಕೆ ಪ್ರತ್ಯೇಕ ಹಣವೆಂದು ಮೊದಲೇ ತಿಳಿಸದೆ, ಸಾಮಾನು ಆರಿಸಿ ಕೌಂಟರಿಗೆ ಬಂದ ಮೇಲೆ ಹಣ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂಬುದು ಅದರ ಸಾರ. ಮೊದಲೇ ಕಾಣುವಂತೆ ಫಲಕ ಹಾಕಿದ್ದರೆ ವಿಷಯ ಬೇರೆಯಾಗುತ್ತದೆ. ಆದ್ದರಿಂದ ಬಾಗಿಲಿನಲ್ಲಿ ಫಲಕವಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಮುಂದಿನ ಸಲ ಬಿಲ್ಲು ಆರಂಭವಾಗುವ ಮೊದಲೇ, ಚೀಲ ಬೇಡ, ನನ್ನ ಚೀಲ ಬಾಗಿಲಲ್ಲಿದೆ, ಸಾಮಾನನ್ನು ಟ್ರಾಲಿಯಲ್ಲಿಯೇ ಅಲ್ಲಿಯವರೆಗೆ ತಳ್ಳಿಕೊಂಡು ಹೋಗುತ್ತೇನೆ ಎಂದುಬಿಡಿ. ಶುಕ್ರವಾರದ ಮಡಿಕೇರಿ ಸಂತೆಗೆ ನಮ್ಮ ಹಿರಿಯರು ಚೀಲ ಹಿಡಿಯದೆ ಹೊರಟಿದ್ದನ್ನು ನಾನು ನೋಡಿಲ್ಲ. ಅಂತಹ ಒಳ್ಳೆಯ ಅಭ್ಯಾಸವುಳ್ಳವರಿಂದ ಚೀಲ ಕಿತ್ತಿಟ್ಟುಕೊಂಡು ಇನ್ನೊಂದು ಚೀಲ ಮಾರುವುದು ನನಗೆ ಬಹಳ ನೋವು ತರುವ ಸಂಗತಿ.

ಮೊಬೈಲ್ ನಂಬರ್ ಕೊಡಲೇಬೇಕೆಂಬ ಕಾನೂನು ಇಲ್ಲ. ಬಿಲ್ಲಿಗಾಗಿ ಗ್ರಾಹಕರ ನಂಬರನ್ನು ಒತ್ತಾಯಿಸಿ ಕೇಳಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ಮಾರಾಟಗಾರರಿಗೆ ತಿಳಿಸಿದೆ. ನಂಬರ್ ಕೊಡದೆ ಬಿಲ್ಲು ಬರುವುದಿಲ್ಲ ಎಂದರೆ ಮೇಲ್ವಿಚಾರಕರನ್ನು ಕರೆಯಲು ಹೇಳಿ. ಅವರ ಬಳಿ ದಾರಿ ಇದ್ದೇ ಇರುತ್ತದೆ.

ಪ್ರಶ್ನೆ: ನಾನು ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಮೇ ತಿಂಗಳಲ್ಲಿ ಮಳೆಗಾಲಕ್ಕೆಂದು ಮೈಸೂರಿನಿಂದ 5 ಕಿಲೋ ರವೆ, 5 ಕಿಲೋ ತೊಗರಿ ಬೇಳೆ, ಒಂದು ಕೊಂಡರೆ ಒಂದು ಉಚಿತವೆಂದು ಬಿಸ್ಕತ್ತು, ಸಾಬೂನು ಪುಡಿ ಎಲ್ಲವನ್ನೂ ತಂದೆ. ಕಕ್ಕಡದ (ಜುಲೈ ನಡುವಿನಿಂದ ಬರುವ ಮಳೆ ತಿಂಗಳಿನ) ಹೊತ್ತಿಗೆ ಅರ್ಧ ಹಾಳಾಯಿತು. ಆಮೇಲೆ ಲೆಕ್ಕ ಹಾಕಿದರೆ ಬೇಳೆಯ 5 ಕಿಲೋ ಪ್ಯಾಕೆಟ್ಟಿಗೆ 735 ರೂಪಾಯಿ, ಪಕ್ಕದಲ್ಲಿದ್ದ ಒಂದು ಕಿಲೋ ಪ್ಯಾಕೆಟ್ಟಿಗೆ 142 ರೂಪಾಯಿ. ದೊಡ್ಡದು ಅಗ್ಗವಿರಬೇಕಲ್ಲವೇ?
ಸುಂಟಿಕೊಪ್ಪ

ಉತ್ತರ: ಇರಬೇಕೆಂದು ನಾವೆಲ್ಲರೂ ನಂಬಿದ್ದೇವೆ, ಆ ನಂಬಿಕೆಯಿಂದಲೇ ದೊಡ್ಡ ಪ್ಯಾಕೆಟ್ಟಿಗೆ ಕೈ ಹಾಕುತ್ತೇವೆ. ಒಂದು ಕಿಲೋದ ಐದು ಪ್ಯಾಕೆಟ್ಟು ಕೊಂಡಿದ್ದರೆ 710 ರೂಪಾಯಿಗೆ ಮುಗಿಯುತ್ತಿತ್ತು. ನೀವು 25 ರೂಪಾಯಿ ಹೆಚ್ಚು ಕೊಟ್ಟಿದ್ದೀರಿ. ರಿಯಾಯಿತಿಯನ್ನು ಒಂದು ಗಾತ್ರಕ್ಕೆ ಮಾತ್ರ ಕೊಟ್ಟಾಗ ಹೀಗಾಗುತ್ತದೆ.

ಪೊಟ್ಟಣದ ಮೇಲೆ ಈಗ ಎಂಆರ್‌ಪಿಯ ಜೊತೆಗೆ ಏಕಕ ಬೆಲೆಯನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಒಂದು ಕಿಲೋಗಿಂತ ಕಡಿಮೆಯಿದ್ದರೆ ಗ್ರಾಂ ಒಂದಕ್ಕೆ ಎಷ್ಟು, ಹೆಚ್ಚಿದ್ದರೆ ಕಿಲೋ ಒಂದಕ್ಕೆ ಎಷ್ಟು ಎಂದು ಬರೆದಿರುತ್ತಾರೆ. ಹಾಗಾಗಿ ಸಣ್ಣ ಪ್ಯಾಕೆಟ್ಟಿನಲ್ಲಿ 0.17 ಎಂದೂ ದೊಡ್ಡದರಲ್ಲಿ 165 ಎಂದೂ ಕಂಡರೆ ಗಾಬರಿಯಾಗಬೇಡಿ, ಮೊದಲಿನದನ್ನು ಸಾವಿರದಿಂದ ಗುಣಿಸಿದರೆ ಕಿಲೋಗೆ 170 ಆಗುತ್ತದೆ. ಆದರೆ ಈ ಬೆಲೆ ಎಂಆರ್‌ಪಿಯನ್ನು ಆಧರಿಸಿದ್ದು. ಮಳಿಗೆ ಇಳಿಸಿದ ಬೆಲೆಗೆ ನೀವೇ ಭಾಗಾಕಾರ ಮಾಡಬೇಕು. ಪ್ಯಾಕೆಟ್ಟಿನ ಆಕಾರವನ್ನು ನಂಬಬೇಡಿ. ಇಂತಿಷ್ಟೇ ತೂಕದಲ್ಲಿ ತುಂಬಬೇಕೆಂದು ಹಿಂದೆ ಕೆಲವು ಸಾಮಗ್ರಿಗಳಿಗಿದ್ದ ಕಟ್ಟುಪಾಡು ಈಗಿಲ್ಲ, ನೋಡಲು ಒಂದೇ ಅಳತೆಯ ಎರಡು ಎಣ್ಣೆ ಪ್ಯಾಕೆಟ್ಟುಗಳಲ್ಲಿ ಒಳಗಿನ ಎಣ್ಣೆ ಬೇರೆ ಬೇರೆ ಇರಬಹುದು.

ಇನ್ನು ಮಳೆ. ದೊಡ್ಡ ಪ್ಯಾಕೆಟ್ಟನ್ನು ಲೆಕ್ಕ ಹಾಕಿದವರು ಒಣ ಹವೆಯ ಊರಿನವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಮನೆಗಳಲ್ಲಿ ಒಮ್ಮೆ ಕತ್ತರಿಸಿದ ಐದು ಕಿಲೋ ರವೆ ಎಷ್ಟು ದಿನ ಉಳಿದೀತು? ಮುಚ್ಚಳ ತೆಗೆದರೆ ಅಂಚಿನಲ್ಲಿ ಬಿಳಿಯ ಎಳೆ, ಎಳೆಗೆ ಅಂಟಿಕೊಂಡು ನೇತಾಡುವ ರವೆಯ ಕಾಳುಗಳು, ಕೆಳಗೆ ಮುಗ್ಗು ವಾಸನೆಯ ಗಂಟು. ಸಾಬೂನು ಪುಡಿ ಕಲ್ಲಾಗಿ ಚಮಚ ಮುರಿಯುವುದನ್ನು ನಾನೂ ಕಂಡಿದ್ದೇನೆ. ಮಳೆಗಾಲಕ್ಕೆ ಕೂಡಿಡುವ ಪದ್ಧತಿ ನಮಗೆ ಹೊಸದಲ್ಲ ನಿಜ, ಆದರೆ ಹಿರಿಯರು ಕೂಡಿಟ್ಟದ್ದು ಬಿಸಿಲಿನಲ್ಲಿ ಒಣಗಿಸಿ ಒಲೆಯ ಮೇಲಿನ ಅಟ್ಟದ ಹೊಗೆಗೆ ಏರಿಸಿದ ಪದಾರ್ಥಗಳನ್ನು. ಗ್ಯಾಸ್ ಒಲೆಯ ಅಡಿಗೆಮನೆಯಲ್ಲಿ ಆ ಅಟ್ಟವಿಲ್ಲ. ಹಿಟ್ಟು, ರವೆ, ಬಿಸ್ಕತ್ತುಗಳನ್ನು ಈ ನಾಲ್ಕು ತಿಂಗಳು ಸಣ್ಣ ಪ್ಯಾಕೆಟ್ಟಿನಲ್ಲಿಯೇ ಕೊಳ್ಳಿ. ಎಣ್ಣೆ, ಸಾಬೂನು ಬಿಲ್ಲೆಯಂತಹವನ್ನು ಬೇಕಾದರೆ ಹೆಚ್ಚಾಗಿ ತನ್ನಿ.

ಟ್ರಾಲಿಯ ಬಗ್ಗೆಯೂ ಒಂದು ಮಾತು. ಕೈಯಲ್ಲಿ ಹಿಡಿದ ಬುಟ್ಟಿ ಭಾರವಾದೊಡನೆ ಗಿರಾಕಿಗಳು ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸಿಯೇ ಅಮೆರಿಕದ ಒಕ್ಲಹೋಮ ಸಿಟಿಯ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಗಾಲಿಯ ಟ್ರಾಲಿಯನ್ನು ತನ್ನ ಅಂಗಡಿಗಳಲ್ಲಿ ಬಳಕೆಗೆ ತಂದರು. ಪಟ್ಟಿ ಚಿಕ್ಕದಿದ್ದರೆ ಬುಟ್ಟಿಯನ್ನೇ ಹಿಡಿಯಿರಿ.

ಪ್ರಶ್ನೆ: ನನ್ನ ಅತ್ತೆಗೆ ಕನ್ನಡ ಮಾತ್ರ ಓದಲು ಬರುತ್ತದೆ. ದೊಡ್ಡ ಮಳಿಗೆಯಲ್ಲಿ ಚೀಟಿಗಳೂ ಪೊಟ್ಟಣಗಳೂ ಇಂಗ್ಲಿಷಿನಲ್ಲಿವೆ, ಕೇಳೋಣವೆಂದರೆ ಯಾರೂ ಸಿಗುವುದಿಲ್ಲ, ಕಾಲು ನೋವೆಂದರೆ ಕೂರಲು ಒಂದು ಕುರ್ಚಿಯೂ ಇಲ್ಲ. ಇದಕ್ಕೆ ನಿಯಮವಿಲ್ಲವೇ?
ಸೋಮವಾರಪೇಟೆ

ಉತ್ತರ: ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ, ಜೊತೆಗೆ ಬೇರೆ ಭಾಷೆಯಲ್ಲಿಯೂ ಹಾಕಲು ಅಡ್ಡಿಯಿಲ್ಲ, ಆ ನಿಯಮದಲ್ಲಿ ಒತ್ತಾಯವೂ ಇಲ್ಲ. ಕರ್ನಾಟಕದಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾಗಿದೆ. ಬಾಗಿಲ ಮೇಲೆ ಅಷ್ಟು ದೊಡ್ಡ ಕನ್ನಡ ಬರೆಸಿದವರಿಗೆ ಬೇಳೆಯ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸುವುದು ಕಷ್ಟವೇನಲ್ಲ. ಆ ಚೀಟಿ ಹೇಗೂ ಮುದ್ರಣವಾಗಿ ಬರುವುದು ಮಳಿಗೆಯ ಕಂಪ್ಯೂಟರಿನಿಂದಲೇ. ಇದನ್ನು ಗ್ರಾಹಕರಾಗಿ ನಾವು ಕೇಳಿ ಪಡೆಯಬೇಕಾಗಿದೆ; ಮಳಿಗೆಯ ಸಲಹಾ ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದು ಬನ್ನಿ.

ಕೇಳಲು ಯಾರೂ ಸಿಗದಿರುವುದು ಆಕಸ್ಮಿಕವಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು ಗಿರಾಕಿಗಳೇ ಒಳಗೆ ನಡೆದು ಸಾಮಾನು ಆರಿಸಿಕೊಳ್ಳುವ ದಿನಸಿ ಅಂಗಡಿ ತೆರೆದರು. ಅಲ್ಲಿಯವರೆಗೆ ಗುಮಾಸ್ತ ತೂಗಿ ಕಟ್ಟಿ ಕೊಡುತ್ತಿದ್ದ. ಆತನ ಕೆಲಸ ಗಿರಾಕಿಯ ಕೈಗೆ ಬಂದುದರಿಂದಲೇ ಬೆಲೆ ಇಳಿಯಿತು. ಇಂದಿನ ರಿಯಾಯಿತಿಯಲ್ಲಿಯೂ ಒಂದು ಪಾಲು ನಿಮ್ಮ ಅತ್ತೆಯವರ ಕಾಲು ನೋವಿನದೇ. ಹುಡುಕಿ, ಓದಿ, ಹೊತ್ತು, ಸಾಲಿನಲ್ಲಿ ನಿಲ್ಲುವ ಶ್ರಮಕ್ಕೆ ಆ ಮಳಿಗೆ ಕೂಲಿ ಕೊಡುವುದಿಲ್ಲ. ಅವರನ್ನು ಕರೆದೊಯ್ಯುವುದಾದರೆ ವಾರದ ನಡುವಿನ ದಿನ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ. ಕುರ್ಚಿಯನ್ನು ಮಾತ್ರ ಸಂಕೋಚವಿಲ್ಲದೆ ಕೇಳಿ. ಕೇಳಿದಾಗ ಇಲ್ಲವೆಂದವರು ಕಡಿಮೆ.

ಪ್ರಶ್ನೆ: ನನ್ನದು ಸಣ್ಣ ದಿನಸಿ ಅಂಗಡಿ. ನಾನು ಸಗಟು ವ್ಯಾಪಾರಿಗೆ ಕೊಡುವ ಬೆಲೆಗಿಂತ ಕಡಿಮೆಗೆ ದೊಡ್ಡ ಮಳಿಗೆಯವರು ಸಕ್ಕರೆ, ಎಣ್ಣೆ ಮಾರುತ್ತಾರೆ. ನಮ್ಮ ಗಿರಾಕಿಗಳು ನಗದು ಇದ್ದಾಗ ಅಲ್ಲಿಗೆ ಹೋಗುತ್ತಾರೆ, ಇಲ್ಲದಾಗ ನನ್ನ ಲೆಕ್ಕದ ಪುಸ್ತಕಕ್ಕೆ ಬರುತ್ತಾರೆ. ನಾನೇನು ಮಾಡಲಿ?
ಮೂರ್ನಾಡು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದೊಂದು ವಸ್ತುವಿನಲ್ಲಿ ಕಡಿಮೆ ಲಾಭ, ಒಟ್ಟಿನಲ್ಲಿ ಹೆಚ್ಚು ಮಾರಾಟ ಎಂಬ ಲೆಕ್ಕದ ಮೇಲೆ ಈ ಮಳಿಗೆಗಳು ನಿಂತಿವೆ. ಅಮೆರಿಕದಲ್ಲಿ ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಎಂಬ ದೊಡ್ಡ ರಿಯಾಯಿತಿ ಮಳಿಗೆಗಳು ಮೂರೂ ಆರಂಭವಾದದ್ದು 1962 ಎಂಬ ಒಂದೇ ವರ್ಷದಲ್ಲಿ, ಇದೇ ಲೆಕ್ಕದ ಮೇಲೆ. ಎಲ್ಲರಿಗೂ ಬೆಲೆ ಬಾಯಿಪಾಠವಿರುವ ಸಕ್ಕರೆ, ಎಣ್ಣೆಗಳನ್ನು ಲಾಭವಿಲ್ಲದೆ, ಕೆಲವೊಮ್ಮೆ ನಷ್ಟಕ್ಕೂ ಮಾರಿ, ಬೆಲೆ ನೆನಪಿಲ್ಲದ ಬಾದಾಮಿ, ಡಬ್ಬಿ, ಬಟ್ಟೆಬರೆಗಳಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ಸಕ್ಕರೆಯನ್ನು ಮಳಿಗೆಯ ತೀರ ಹಿಂಬದಿಯಲ್ಲಿ ಇಡುವುದೂ ಅದಕ್ಕಾಗಿಯೇ. ಆ ಎರಡು ವಸ್ತುಗಳಲ್ಲಿ ನೀವು ಅವರೊಂದಿಗೆ ಸ್ಪರ್ಧಿಸಲು ಹೋಗಬೇಡಿ, ಕೈ ಸುಟ್ಟುಕೊಳ್ಳುತ್ತೀರಿ.

ನಿಮ್ಮ ಗಿರಾಕಿಗಳಿಗೆ ಈ ಲೆಕ್ಕವನ್ನು ಹೇಳಬಹುದು: ನಿಮ್ಮೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೋಗಿ ಬರಲು ಇನ್ನೂರು ಕಿಲೋಮೀಟರಿಗೂ ಹೆಚ್ಚಾಗುತ್ತದೆ, ಲೀಟರಿಗೆ ಹದಿನೈದು ಕಿಲೋಮೀಟರ್ ಓಡುವ ಕಾರು, ಲೀಟರಿಗೆ ನೂರೇ ರೂಪಾಯಿ ಎಂದಿಟ್ಟುಕೊಂಡರೂ ಸಾವಿರದ ಮುನ್ನೂರು ರೂಪಾಯಿ ಪೆಟ್ರೋಲಿಗೇ ಬೇಕು. ಬೇರೆ ಕೆಲಸಕ್ಕೆ ಹೋದವರು ಸಾಮಾನು ತಂದರೆ ಸರಿ, ಸಾಮಾನಿಗೆಂದೇ ಹೋದರೆ ಉಳಿತಾಯವಿಲ್ಲ.

ಸಾಲ ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಕಾಫಿ ಕುಯ್ಲು ಮುಗಿದು ಹಣ ಕೈಗೆ ಬರುವವರೆಗೆ ಎಷ್ಟೋ ಸಣ್ಣ ಬೆಳೆಗಾರರ, ತೋಟದ ಕಾರ್ಮಿಕರ ಲೈನ್ ಮನೆಗಳ ಅಡಿಗೆ ನಡೆಯುವುದು ನಿಮ್ಮಂತಹವರ ಪುಸ್ತಕದಿಂದ, ಯಾವ ದೊಡ್ಡ ಮಳಿಗೆಯೂ ಆ ಉಪಕಾರ ಮಾಡುವುದಿಲ್ಲ. ಆದರೆ ಅದಕ್ಕೊಂದು ಕಟ್ಟು ಇರಲಿ. ಪ್ರತಿ ಮನೆಗೆ ಇಷ್ಟು ಎಂಬ ಮಿತಿ ಇಡಿ, ನಗದು ಕೊಟ್ಟವರಿಗೆ ಒಂದೆರಡು ರೂಪಾಯಿ ಬಿಡಿ, ಸಾಲದ ಪುಟದಲ್ಲಿ ಪ್ರತಿ ಸಲವೂ ದಿನಾಂಕ ಹಾಕಿ ಗಿರಾಕಿಯ ಸಹಿ ಪಡೆಯಿರಿ. ಮಳೆಗಾಲದಲ್ಲಿ ರವೆ, ಹಿಟ್ಟುಗಳನ್ನು ಬೇಕಾದಷ್ಟೇ ಬಿಡಿಯಾಗಿ ತೂಗಿ ಕೊಡುತ್ತೇನೆಂದು ಅಂಗಡಿಯ ಮುಂದೆ ಬರೆದು ಹಾಕಿ. ಸುಂಟಿಕೊಪ್ಪದವರಂತೆ ರವೆ ಕಳೆದುಕೊಂಡವರು ನಿಮ್ಮೂರಿನಲ್ಲಿಯೂ ಇದ್ದಾರೆ.